ಖಾಲಿ ಕೊಡಗಳ ದೋಣಿ

ನಾನು ಮದುವೆಯಾಗಿ ಈ ಊರಿಗೆ ಬಂದಾಗ ನಮ್ಮ ಮನೆಯ ಅಂಗಳದಲ್ಲಿ ಎರಡು ದೋಣಿ ಇದ್ದವು. ಊರಿಗೆ ಹೊಳೆ ಇರಲಿಲ್ಲ. ಈಗಲೂ ಇಲ್ಲ. ದೋಣಿ ಮಾತ್ರ ಮೂರಾದವು.

ಮಾಡಿದವನು ನನ್ನ ಗಂಡ. ಗಂಡನ ಹೆಸರು ಬಾಯಿಂದ ಹೇಳಬಾರದು ಎಂದು ನಮ್ಮತ್ತೆ ಕೆಂಚವ್ವನ ಕಟ್ಟಪ್ಪಣೆ. ಬರೆಯಬಾರದು ಎಂದು ಅವಳೇನೂ ಹೇಳಿಲ್ಲವಾದ್ದರಿಂದ ಬರೆಯುತ್ತೇನೆ: ಬೀರೇಶ. ಎದುರಿಗೆ ‘ನೀವು’, ಕಾಗದದ ಮೇಲೆ ‘ಅವನು’. ಲಗ್ನವಾದ ಹೆಂಗಸಿಗೆ ಇಷ್ಟಾದರೂ ಸ್ವಾತಂತ್ರ್ಯ ಬೇಕು.

ನಮ್ಮೂರು ಶಲವಡಿಯ ಆಚೆಗೆ, ಎರೆಹೊಲಗಳ ನಡುವೆ ಇದೆ. ಕಡಲೆ, ಹೆಸರು, ಹತ್ತಿ, ಮೆಣಸಿನಕಾಯಿ ಬೆಳೆಯುವ ಊರು. ಊರು ಹೊಗುವಾಗ ಮೊದಲು ಸಿಗುವುದೇ ನಮ್ಮ ಮನೆ, ಅದರ ಪಕ್ಕ ಬೀರೇಶನ ವೆಲ್ಡಿಂಗ್ ಅಂಗಡಿ. ಟ್ರ್ಯಾಕ್ಟರಿನ ಟ್ರೇಲರು, ಕುಂಟೆ, ಕಿಟಕಿಯ ಗ್ರಿಲ್ಲು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಾನೆ. ಮಾಡಿ ಉಳಿದ ಕಬ್ಬಿಣ ಕಂಡರೆ ಮಾತ್ರ ಅವನ ಕಣ್ಣು ಬೇರೆಯಾಗುತ್ತದೆ. ಮಂದಿಯ ಗಂಡಂದಿರು ಇಸ್ಪೀಟಿಗೆ ಕೂಡುತ್ತಾರೆ, ನನ್ನ ಗಂಡ ದೋಣಿಗೆ ಕೂಡುತ್ತಾನೆ ಎಂದು ನಾನು ತವರಿನಲ್ಲಿ ಹೇಳಿದಾಗ ನಮ್ಮವ್ವ ಮೊದಲು ನಕ್ಕಳು, ಆಮೇಲೆ ಅವನಿಗೊಂದು ತಾಯತ ಕಟ್ಟಿಸೋಣವೇ ಎಂದು ಕೇಳಿದಳು.

ಮೊದಲನೆಯ ದೋಣಿ ಬೆಲ್ಲ ಕಾಯಿಸುವ ಎರಡು ಕೊಪ್ಪರಿಗೆಗಳದ್ದು. ದುಮ್ಮವಾಡದ ಕಡೆ ಗಾಣ ನಿಲ್ಲಿಸಿದ ಒಬ್ಬರಿಂದ ತಂದು, ಎರಡನ್ನೂ ಪಕ್ಕಪಕ್ಕ ಬೆಸೆದು, ನಡುವೆ ಹಲಗೆ ಹಾಕಿದ್ದ. ಯಾರೋ ದೊಡ್ಡ ಕನ್ನಡಕವನ್ನು ಅಂಗಳದಲ್ಲಿ ಮರೆತು ಹೋದಂತೆ ಕಾಣುತ್ತಿತ್ತು. ಎರಡನೆಯದು ಪ್ಲಾಸ್ಟಿಕ್ ನೀರಿನ ಟಾಕಿಯನ್ನು ಉದ್ದಕ್ಕೆ ಸೀಳಿ ಮಾಡಿದ್ದು. ಹಿಂದೆ ಫ್ಯಾನಿನ ರೆಕ್ಕೆಗಳ ಬಾಲ. ಮೂರನೆಯದು ನಾನು ಬಂದ ಮೇಲೆ ಹುಟ್ಟಿದ್ದು. ಮುಂದೆ ಹಳೆಯ ಟ್ರ್ಯಾಕ್ಟರಿನ ಬಾನೆಟ್ಟು, ಎರಡೂ ಕಡೆ ಮಡ್‌ಗಾರ್ಡು, ಕಣ್ಣಿನ ಜಾಗದಲ್ಲಿ ಹೆಡ್‌ಲೈಟು. ಥೇಟ್ ಮಿಡತೆ. ಕೊಪ್ಪರಿಗೆಯಲ್ಲಿ ಅತ್ತೆಯ ಕೋಳಿಗಳು ಕಾವು ಕೂಡುತ್ತಿದ್ದವು, ಟಾಕಿಯಲ್ಲಿ ಅವಳ ಕುರಿಗಳ ಹೊಟ್ಟು ಇರುತ್ತಿತ್ತು, ಮಿಡತೆಯ ಬೆನ್ನ ಮೇಲೆ ನಾನು ಮೆಣಸಿನಕಾಯಿ ಒಣಗಿಸುತ್ತಿದ್ದೆ. ಮಳೆ ಬಂದರೆ ಮೂರರಲ್ಲೂ ನೀರು ನಿಲ್ಲುತ್ತಿತ್ತು. ದೋಣಿಯೊಳಗೆ ನೀರು ಕಂಡಿದ್ದೆವು, ನೀರಿನೊಳಗೆ ದೋಣಿಯನ್ನು ಒಮ್ಮೆಯೂ ಕಂಡಿರಲಿಲ್ಲ.

ಈ ಹುಚ್ಚು ಹತ್ತಿದ್ದು ಸಣ್ಣವನಿದ್ದಾಗಂತೆ. ಅವನ ಅಜ್ಜ ಕುರಿಹಿಂಡು ಹೊಡೆದುಕೊಂಡು ತುಂಗಭದ್ರೆಯ ಕಡೆಗೆ ಹೋದಾಗ ಇವನೂ ಹೋಗಿದ್ದ. ಮರಿಗಳ ನಡುವೆ ಕೂತು ಹರಿಗೋಲಿನಲ್ಲಿ ಹೊಳೆ ದಾಟಿದ್ದ. ಆ ಬುಟ್ಟಿ ಗಿರಗಿರ ತಿರುಗಿದ್ದು ಅವನ ತಲೆಯಲ್ಲಿ ಇನ್ನೂ ನಿಂತಿಲ್ಲ. ಒಮ್ಮೆ ನಾನು ಸಿಟ್ಟಿಗೆದ್ದು, ಮಾಡುವುದಾದರೆ ಎಲ್ಲರ ದೋಣಿಯ ಹಾಗೆ ನೆಟ್ಟಗೆ ಮಾಡಬಾರದೇ ಎಂದು ಕೇಳಿದೆ.

“ಬಂಡಿ ಹೆಂಗಿರಬೇಕು ಅನ್ನೂದು ದಾರಿ ಹೇಳ್ತೈತಿ,” ಅಂದ. “ಟ್ರೇಲರ್ ಹೆಂಗಿರಬೇಕು ಅನ್ನೂದು ಮಾಲು ಹೇಳ್ತೈತಿ. ನೀರಿಗೆ ಅಂಥಾ ಹಟ ಇಲ್ಲ ಸವಿತಾ. ತೇಲಿದ್ರ ಸಾಕು, ನಿನಗ ಹೆಂಗ ಚೆಂದ ಕಾಣತೈತಿ ಹಂಗ ಇರು ಅಂತೈತಿ.”

“ತೇಲಿದ್ರ ಅಂತೀರಿ. ತೇಲಿಸೂದೆಲ್ಲಿ?”

ಹೊಲಗಳಾಚೆ ಬೆಣ್ಣಿಹಳ್ಳವಿದೆ, ಆದರೆ ಅದು ಹೇಳಿ ಕೇಳಿ ಬರುವ ಹಳ್ಳವಲ್ಲ. ಮೇಲೆಲ್ಲೋ ಮಳೆಯಾದರೆ ಇಲ್ಲಿ ಹೊಲ ನುಂಗುತ್ತದೆ, ಮರುದಿನ ಹೋಗಿ ನೋಡಿದರೆ ಕೆಸರು, ಜಾಲಿಮುಳ್ಳು. ಒಂದು ಸಲ ಹಳ್ಳ ಹದವಾಗಿ ಬಂದಿದೆ ಎಂದು ಸುದ್ದಿ ತಿಳಿದು ಮಿಡತೆಯನ್ನು ಟ್ರೇಲರಿಗೆ ಏರಿಸಿದ್ದರು. ಹಗ್ಗ ಬಿಗಿದು, ಚಹಾ ಕುಡಿದು, ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಳ್ಳ ಹೋಗಿತ್ತು. ಮಿಡತೆ ಕೆಸರಲ್ಲಿ ಕೂತು ಫೋಟೊ ತೆಗೆಸಿಕೊಂಡು ಮನೆಗೆ ಬಂತು. ಕೃಷಿಹೊಂಡದವರನ್ನು ಕೇಳಿದರೆ, ಕಬ್ಬಿಣ ತಾಗಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಹರಿಯುತ್ತದೆ ಎಂದು ಬಾಗಿಲಿಂದಲೇ ಅಟ್ಟಿದರು.

ಉಳಿದದ್ದು ಊರ ಕೆರೆ. ಅದರ ಮಾತು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ನಮ್ಮ ಕಡೆ ಬೋರು ಕೊರೆದರೆ ಉಪ್ಪುನೀರು. ಕುಡಿಯಲು ಕೆರೆಯೇ ಗತಿ, ಹಾಗಾಗಿ ಕೆರೆಗೆ ದೇವರ ಮನೆಯ ಮಡಿ. ಚಪ್ಪಲಿ ಹಾಕಿಕೊಂಡು ಏರಿ ಹತ್ತುವಂತಿಲ್ಲ. ಬಟ್ಟೆ ಒಗೆಯುವಂತಿಲ್ಲ, ಈಜುವಂತಿಲ್ಲ, ನೀರಿನಲ್ಲಿ ಕಾಲು ಇಳಿಬಿಟ್ಟು ಕೂರುವಂತೆಯೂ ಇಲ್ಲ. ಮೆಟ್ಟಿಲ ಮೇಲೆ ನಿಂತು, ಬಗ್ಗಿ, ಕೊಡ ತುಂಬಿಕೊಂಡು ಬರಬೇಕು. ಇದನ್ನು ಕಾಯುವವರು ಶಂಭುಲಿಂಗಪ್ಪ ಕಾಕಾ. ಕೆರೆಯ ಬಾಗಿಲ ಬೇವಿನ ಕಟ್ಟೆಯ ಮೇಲೆ ಅವರು ದಿನಾ ಕೂತಿರುತ್ತಾರೆ. ಊರ ಜನರನ್ನು ಅವರು ಮುಖ ನೋಡಿ ಗುರುತಿಸುವುದಿಲ್ಲ, ಕಾಲು ನೋಡಿ ಗುರುತಿಸುತ್ತಾರೆ. ದೊಡ್ಡ ಸಾಹೇಬರೊಬ್ಬರು ಕೆರೆ ನೋಡಲು ಬಂದಾಗ ಅವರ ಬೂಟು ಬಿಚ್ಚಿಸಿ, ಕಾಲುಚೀಲದ ತೂತನ್ನು ಊರಿಗೆಲ್ಲ ತೋರಿಸಿದ ಮನುಷ್ಯ ಅವರು.

ಅಂಥ ಕೆರೆಗೆ ಹೋದ ವರ್ಷ ಅಂತರಗಂಗೆ ಎಂಬ ನೀರಿನ ಕಳೆ ಬಂತು. ಕೆರೆಯ ನಡುವೆ ನೀರಿನ ಆಳ ನೋಡುವ ಕಲ್ಲಿನ ಕಂಬವಿದೆ. ಅದಕ್ಕೆ ತೆಕ್ಕೆಬಿದ್ದು ಒಂದು ಹಸಿರು ಗೊಂಚಲು, ಅದರ ಮೇಲೆ ನೇರಳೆ ಹೂವು. ಮೊದಲ ವಾರ ಎಲ್ಲರೂ ಚೆಂದವೆಂದು ಮೊಬೈಲಿನಲ್ಲಿ ಹಿಡಿದರು. ಆಮೇಲೆ ಗೊಂಚಲು ಚಾಪೆಯಷ್ಟಾಯಿತು, ಚಾಪೆ ಜಮಖಾನೆಯಷ್ಟಾಯಿತು. ಇದು ಹೀಗೇ ಹಬ್ಬಿದರೆ ಬೇಸಿಗೆಯ ಹೊತ್ತಿಗೆ ಕೆರೆ ಕಾಣುವುದಿಲ್ಲ, ನೀರು ನಾರುತ್ತದೆ ಎಂದು ತಿಳಿದವರು ಹೇಳಿದರು. ದಂಡೆಯಿಂದ ಕೊಕ್ಕೆ ಎಸೆದರೆ ಮುಟ್ಟುತ್ತಿರಲಿಲ್ಲ, ಈಜಿ ಹೋಗುವುದನ್ನು ಕಾಕಾ ಒಪ್ಪುತ್ತಿರಲಿಲ್ಲ.

ಪಂಚಾಯಿತಿಯವರು ಪಟ್ಟಣದ ಯಾವುದೋ ಉದ್ಯಾನದಿಂದ ಪೆಡಲ್ ತುಳಿಯುವ ದೋಣಿ ತರಿಸಿದರು. ಹಂಸದ ಆಕಾರದ್ದು, ಬಿಳಿ ಬಣ್ಣ, ಕೆಂಪು ಮೂಗು, ರೆಪ್ಪೆಗೆ ಕಾಡಿಗೆ ಬೇರೆ. ಟೆಂಪೊ ಮೇಲೆ ಅದು ಊರೊಳಗೆ ಬಂದಾಗ ಶಾಲೆ ತಾನಾಗಿ ಬಿಟ್ಟಿತು. ಕಾಕಾ ಟೆಂಪೊ ಹತ್ತಿ ಹಂಸದ ಹೊಟ್ಟೆಯೊಳಗೆ ಬಗ್ಗಿ ನೋಡಿದರು. “ಇದರಾಗ ಮಂದಿ ಚಪ್ಪಲ್ ಹಾಕ್ಕೊಂಡ ಕುಂತಾರ,” ಎಂದು ಇಳಿದರು. ಹಂಸ ಚಹಾ ಕುಡಿದು ಹೋಯಿತು. ಅಂದರೆ ಡ್ರೈವರ್ ಕುಡಿದ. ಹರಿಗೋಲು ತರಿಸೋಣವೆಂದರೆ ಅದಕ್ಕೆ ಡಾಂಬರು ಬಳಿದಿರುತ್ತಾರೆ, ಬೇಡ ಎಂದರು.

ಬೀರೇಶ ಆ ದಿನ ಸಂಜೆಯೇ ಬೇವಿನ ಕಟ್ಟೆಗೆ ಹೋದ. ನಾನೂ ಅತ್ತೆಯೂ ನೀರಿಗೆ ಹೋದವರು ಅಲ್ಲೇ ಇದ್ದೆವು.

“ಕಾಕಾರ, ನಮ್ಮ ಕೆರಿಗೆ ಹೊಂದೂವಂಥಾ ದೋಣಿ ನಾ ಮಾಡ್ತೇನ್ರಿ.”

“ಆ ಮಿಡತಿ ಬಿಡಾಂವೇನ?”

“ಅಲ್ರಿ, ಹೊಸಾದು. ನೀವು ಏನ್ ಬ್ಯಾಡ ಅಂತೀರಿ ಅದನ್ನ ಹಚ್ಚೂದಿಲ್ಲ.”

ಕಾಕಾ ಬೆರಳು ಮಡಿಸಲು ಶುರು ಮಾಡಿದರು. “ಡಾಂಬರ ಬ್ಯಾಡ. ಬಣ್ಣ ಬ್ಯಾಡ. ಜಂಗು ಹಿಡಿಯೂ ಕಬ್ಬಿಣ ಬ್ಯಾಡ. ಪ್ಲಾಸ್ಟಿಕ್ ಬ್ಯಾಡ. ಚರ್ಮದ ಮಾತಂತೂ ಎತ್ತಬ್ಯಾಡ. ಯಾವುದ್ರಾಗ ನೀರ ಕುಡದ್ರ ಮನಸ್ಸಿಗೆ ಹೇಸಿಕಿ ಆಗೂದಿಲ್ಲ, ಅಂಥಾದ್ರಾಗ ಮಾಡು.” ಆಮೇಲೆ ಧ್ವನಿ ಇಳಿಸಿದರು. “ಆದ್ರ ತಮ್ಮಾ, ಒಂದ ಕರಾರು. ದೋಣಿ ತೇಲಬೇಕು, ನಿನ್ನ ಪಾದ ಕೆರಿ ನೀರಿಗೆ ಹತ್ತಬಾರದು. ಹತ್ತಿದ್ರ, ನಿನ್ನ ಅಂಗಳದಾಗಿನ ಮೂರೂ ಗುಜರಿಗೆ. ಮತ್ತ ಜಲಮದಾಗ ದೋಣಿ ಮಾಡೂ ಹಂಗಿಲ್ಲ. ಊರಿಗೆ ಬಂದ ಬೀಗರು ಮೊದಲ ಅವನ್ನ ನೋಡಿ ನಗತಾರ, ಆಮ್ಯಾಲ ನಮ್ಮನ್ನ ಮಾತಾಡಸ್ತಾರ.”

“ಭೇಷ್ ಅಂದ್ರಿ ಅಣ್ಣಾರ!” ಎಂದದ್ದು ನಮ್ಮತ್ತೆ. ಆ ದೋಣಿಗಳನ್ನು ಕಂಡರೆ ಅವಳಿಗೆ ಮೈ ಉರಿ. ಕುರಿಯ ಮನೆತನದಲ್ಲಿ ಹುಟ್ಟಿದವನು ಕುರಿ ಬಿಟ್ಟು ಕಬ್ಬಿಣ ಹಿಡಿದ, ಕಬ್ಬಿಣವನ್ನಾದರೂ ನೆಟ್ಟಗೆ ಹಿಡಿಯಲಿಲ್ಲ ಎಂಬುದು ಅವಳ ದಿನದ ಮಂಗಳಾರತಿ. ಹದಿನೈದು ದಿನಕ್ಕೊಮ್ಮೆ ಬರುವ ಗುಜರಿಯ ಫಕ್ರುಸಾಬ ಚಾಚಾನಿಗೆ, ಮಗ ಇಲ್ಲದ ಹೊತ್ತು ನೋಡಿ ಒಯ್ದುಬಿಡು ಎಂದು ಅವಳು ಎಷ್ಟೋ ಸಲ ಹೇಳಿದ್ದಾಳೆ. ಚಾಚಾ ಮಿಡತೆಯ ಸುತ್ತ ಒಂದು ಸುತ್ತು ಹಾಕಿ, “ಇದನ್ನ ಮುರಿಯಾಕ ಕೈ ಬರೂದಿಲ್ಲ ಬೇ ಯವ್ವಾ,” ಎಂದು ಬರಿಗೈಯಲ್ಲಿ ಹೋಗುತ್ತಿದ್ದ.

ಬೀರೇಶ ಕರಾರಿಗೆ ಒಪ್ಪಿದ. ನನಗೆ ಒಳಗೊಳಗೇ ಖುಷಿಯಾಗಬೇಕಿತ್ತು. ಅಂಗಳ ಖಾಲಿಯಾದರೆ ನಾಲ್ಕು ಹೂವಿನ ಗಿಡ ಹಚ್ಚಬಹುದು. ಆದರೆ ಮನೆಗೆ ಬಂದವನು ಮಿಡತೆಯ ಮಡ್‌ಗಾರ್ಡಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ್ದು ನೋಡಿ ನನಗೆ ಸಂಕಟವಾಯಿತು. ಆ ಮನುಷ್ಯ ಇಷ್ಟು ವರ್ಷ ಕಟ್ಟಿದ್ದೆಲ್ಲ ಒಂದು ಬೆಳಗಿನ ಮೇಲೆ ನಿಂತಿತ್ತು.

ಕಬ್ಬಿಣದವನಿಗೆ ಕಬ್ಬಿಣ ಬೇಡ ಎಂದರೆ ಏನು ಮಾಡಬೇಕು? ಎರಡು ದಿನ ಅಂಗಡಿ ತೆರೆಯದೆ ಕೆರೆಯ ಬಾಗಿಲಲ್ಲಿ ಕೂತ. ಮೂರನೆಯ ದಿನ ನಾನು ನೀರು ತುಂಬುತ್ತಿದ್ದೆ. ಆವತ್ತು ನಾನು ತಂದದ್ದು ತವರಿನ ಹಿತ್ತಾಳೆ ಕೊಡ. ಬಗ್ಗಿ ನೀರಿಗಿಟ್ಟರೆ ಕೊಡ ತುಂಬಲೊಲ್ಲದು. ಕುತ್ತಿಗೆ ಎತ್ತಿಕೊಂಡು, ತೂಗುತ್ತ, ನನ್ನ ಕೈ ತಪ್ಪಿಸಿಕೊಂಡು ಒಂದು ಮಾರು ಆಚೆಗೆ ಹೋಯಿತು.

“ಹಿಡೀಬ್ಯಾಡ! ಹಿಡೀಬ್ಯಾಡ!” ಎಂದು ಹಿಂದಿನಿಂದ ಬೀರೇಶನ ಕೂಗು.

“ನನ್ನ ತವರಿನ ಕೊಡ ಹೋಗಾಕತ್ತೈತ್ರಿ!”

“ಹೋಗ್ಲಿ ತಡಿ. ಹೆಂಗ ಹೊಂಟೈತಿ ನೋಡು.”

ಗಾಳಿಗೆ ಅದು ತಾನಾಗಿ ಮೆಟ್ಟಿಲಿಗೆ ಬಂದು ತಾಗಿತು. ಬೀರೇಶ ಅದನ್ನು ಎತ್ತಿಕೊಂಡು, ಮೊದಲ ಸಲ ನೋಡಿದವನಂತೆ ಹೊರಳಿಸಿ ಹೊರಳಿಸಿ ನೋಡಿದ. ಮರುದಿನದಿಂದ ನಾವಿಬ್ಬರೂ ಮನೆಮನೆಗೆ ಕೊಡ ಕೇಳಲು ಹೊರಟೆವು.

ಈಗ ದಿನಬಳಕೆಗೆ ಎಲ್ಲರೂ ಪ್ಲಾಸ್ಟಿಕ್ ಕೊಡವನ್ನೇ ಹೊರುವುದು. ಹಿತ್ತಾಳೆ, ತಾಮ್ರದವು ಅಡುಗೆಮನೆಯ ಮೇಲಟ್ಟದಲ್ಲಿ ಸಾಲಾಗಿ ಕೂತಿರುತ್ತವೆ. ಲಗ್ನದಲ್ಲಿ ತವರಿನವರು ಕೊಟ್ಟದ್ದು, ಕಂಠದ ಕೆಳಗೆ ಚುಕ್ಕೆಚುಕ್ಕೆಯಾಗಿ ಹೆಸರು ಕೊರೆಸಿದ್ದು. ಗಂಡಸರು ಹೊಲ ಬೇಕಾದರೆ ಬರೆದುಕೊಟ್ಟಾರು, ಹೆಂಗಸರು ಆ ಕೊಡ ಕೊಡುವುದು ಕಷ್ಟ. ಎಲ್ಲರೂ ಮೂಗು ಮುರಿದರು. ಕಡೆಗೆ ಮಲಿಕಾಬಿ ಚಾಚಿ, ಅಂದರೆ ಫಕ್ರುಸಾಬ ಚಾಚಾನ ಹೆಂಡತಿ, ತನ್ನ ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಂದುಕೊಟ್ಟಳು. ಅದು ನಮ್ಮ ಕಟ್ಟೆಯ ಮೇಲೆ ಬೆಂಕಿಯಂತೆ ಹೊಳೆಯುತ್ತ ಕೂತದ್ದು ನೋಡಿ ಎದುರುಮನೆಯ ದುಂಡವ್ವಗೆ ತಡೆಯಲಿಲ್ಲ. ಅವಳು ತನ್ನದನ್ನು ಅದಕ್ಕಿಂತ ಜೋರಾಗಿ ತಿಕ್ಕಿ ತಂದಳು. ಅಲ್ಲಿಗೆ ಊರಲ್ಲಿ ಹುಣಸೆಹಣ್ಣು ತೀರಿತು. ನಮ್ಮತ್ತೆಯೂ ತನ್ನದನ್ನು ತಂದು ಧಡ್ ಎಂದು ಇಟ್ಟಳು. “ಮುಳುಗಿತಂದ್ರ ನಿನ್ನ ಮನಿಯೊಳಗ ಕರಕೊಳ್ಳೂದಿಲ್ಲ,” ಎಂದು ಮಗನಿಗೆ ಹೇಳಿದಳು.

ಹೆಂಗಸರ ಷರತ್ತು ಒಂದೇ: ಕೊಡ ಬೋರಲು ಹಾಕಬಾರದು, ಬಾಯಿ ಮೇಲೆಯೇ ಇರಬೇಕು. ಬೋರಲು ಕೊಡ ಮನೆಗೆ ಒಳ್ಳೆಯದಲ್ಲ. ಬೀರೇಶ ಆಗಲಿ ಎಂದ.

ಮೊದಲು ಅವನು ನೆಲದ ಮೇಲೆ ಸುಣ್ಣದಲ್ಲಿ ಉದ್ದನೆಯ ಆಕಾರ ಬರೆದ, ಮುಂದೆ ಚೂಪು ಮೂತಿ. ಮೂತಿಯಲ್ಲಿ ಒಂದೇ ಕೊಡಕ್ಕೆ ಜಾಗ. ಅಲ್ಲಿ ಯಾರದು ಎಂದು ಮಾತು ಬಂತು ನೋಡಿ! ದುಂಡವ್ವ ತನ್ನದು ಎಂದಳು, ಊರಿಗೆ ಮೊದಲು ಸೊಸೆಯಾಗಿ ಬಂದವಳು ತಾನು ಎಂದು ಇನ್ನೊಬ್ಬಳು. ಬಾಲದ ಕಡೆಗೆ ಹೋಗಲು ಒಬ್ಬಳೂ ತಯಾರಿಲ್ಲ. ಬೀರೇಶ ಇಬ್ಬರ ಮಾತೂ ಕೇಳಿ, ಸುಮ್ಮನೆ ಸುಣ್ಣ ಅಳಿಸಿ, ದುಂಡಗೆ ಬರೆದ. ದುಂಡಗಿದ್ದದ್ದಕ್ಕೆ ಮೊದಲಿಲ್ಲ, ಕಡೆಯಿಲ್ಲ. ನಡುವೆ ಅವನು ನಿಲ್ಲಲು ಒಂದು ಮಣೆ, ಮಣೆಯ ಸುತ್ತ ತಾಮ್ರದ ಕೊಡಗಳು, ಅದರಾಚೆ ಹಿತ್ತಾಳೆ, ಅಂಚಿಗೆ ಸ್ಟೀಲು. ಬಿದಿರಿನ ಚೌಕಟ್ಟು, ತೆಂಗಿನ ನಾರಿನ ಹಗ್ಗ. ಒಂದು ಮೊಳೆ ಕೂಡ ಇಲ್ಲ. ದಿನಾ ಬೆಸುಗೆಯ ಕಿಡಿಯಲ್ಲಿ ಕೆಲಸ ಮಾಡುವ ಕೈ, ಹೆರಳು ಹಾಕಿದ ಹಾಗೆ ಹಗ್ಗದ ಗಂಟು ಹಾಕುತ್ತಿತ್ತು. ಕಟ್ಟಿ ಮುಗಿದಾಗ ಅದು ದೋಣಿಯ ಹಾಗಿರಲಿಲ್ಲ, ಹಬ್ಬದ ದಿನ ಹೊಸಲ ಮುಂದೆ ಹಾಕಿದ ರಂಗೋಲಿಯ ಹಾಗಿತ್ತು. ನನ್ನ ಗಂಡ ಮಾಡಿದ್ದನ್ನು ನೋಡಿ ಊರು ನಗದೆ ನಿಂತದ್ದು ಅದೇ ಮೊದಲು.

ನೀರಿಗೆ ಬಿಡುವ ದಿನ ಬೆಳಿಗ್ಗೆ ಊರೆಲ್ಲ ಬರಿಗಾಲಿನಲ್ಲಿ ಏರಿ ಮೇಲಿತ್ತು. ದೋಣಿಯನ್ನು ಮೆಟ್ಟಿಲ ಪಕ್ಕ ನೀರಿಗಿಳಿಸಿದರು. ಕೊಡಗಳ ಹೊಟ್ಟೆ, ಹೆಗಲು ಎರಡೂ ನೀರಿನ ಮೇಲಿದ್ದವು. ಬಾವಿಯ ಹಗ್ಗವೊಂದನ್ನು ಅದಕ್ಕೆ ಕಟ್ಟಿ, ಅದರ ತುದಿಯನ್ನು ದಂಡೆಯ ಮೇಲೆ ನನ್ನ ಕೈಗೆ ಕೊಟ್ಟ ಬೀರೇಶ. ಏನಾದರೂ ಆದರೆ ಎಳೆ ಎಂದ. ಫಕ್ರುಸಾಬ ಚಾಚಾನ ಗಾಡಿಯೂ ಬಂದು ಬೇವಿನ ನೆರಳಿಗೆ ನಿಂತಿತ್ತು. ಕಾಕಾ ಹೇಳಿ ಕಳಿಸಿದ್ದರಂತೆ.

ಹೆಂಗಸರು ಅರಿಶಿನ ಕುಂಕುಮ ತಂದು ತಂತಮ್ಮ ಕೊಡಕ್ಕೆ ಹಚ್ಚಲು ಬಗ್ಗಿದರು. ಆಗ ದುಂಡವ್ವ ಸೆರಗಿನ ಮರೆಯಲ್ಲಿ ಒಂದು ಚಂಬು ನೀರನ್ನು ತನ್ನ ಕೊಡದೊಳಗೆ ಸುರಿದದ್ದು ನನಗೆ ಕಾಣಿಸಿತು. ಅವಳ ಕಷ್ಟ ನನಗೆ ತಿಳಿಯಿತು. ನಮ್ಮಲ್ಲಿ ಮನೆಯಿಂದ ಹೊರಟಾಗ ಖಾಲಿ ಕೊಡ ಎಂದೂ ಎದುರಾಗಬಾರದು. ಎದುರಾದರೆ ಮರಳಿ ಹೋಗಿ, ಒಂದು ಗುಟುಕು ನೀರು ಕುಡಿದು, ಕೂತು ಹೊರಡಬೇಕು. ಬಸ್ಸು ತಪ್ಪಿದರೂ ಸರಿಯೇ. ಒಳ್ಳೆಯ ಕೆಲಸಕ್ಕೆ ಹೊರಟವನ ಸುತ್ತ ಅಷ್ಟೊಂದು ಖಾಲಿ ಕೊಡ, ಅದರಲ್ಲೊಂದರ ಮೇಲೆ ತನ್ನ ಹೆಸರು! ಒಂದು ಚಂಬು ನೀರಿನಿಂದ ಏನಾಗುತ್ತದೆ ಎಂದು ನಾನು ಸುಮ್ಮನಾದೆ.

ಬೀರೇಶ ಕಾಲು ತೊಳೆದು, ಒರೆಸಿ, ಮಣೆಯ ಮೇಲೆ ಹತ್ತಿದ. ಉದ್ದನೆಯ ಬಿದಿರಿನ ಗಳದಿಂದ ಮೆಟ್ಟಿಲನ್ನು ನೂಕಿದ. ದೋಣಿ ಹೊರಟಿತು. ಶಿಳ್ಳೆ ಬಿದ್ದವು. ಆದರೆ ಅದು ತೇಲುತ್ತ ಹೋಗಲಿಲ್ಲ, ನೆನೆಯುತ್ತ ಹೋಯಿತು. ಕೊಡಗಳ ಹೆಗಲು ಆಗಲೇ ಕಾಣುತ್ತಿರಲಿಲ್ಲ. ಎರಡು ಸಲ ಗಳ ಊರುವಷ್ಟರಲ್ಲಿ ಕುತ್ತಿಗೆಯೂ ಮುಳುಗಿ, ಬಾಯಿಗಳಷ್ಟೇ ನೀರಿನ ಮೇಲೆ ಬಳೆಗಳಂತೆ ಉಳಿದವು. ಸಣ್ಣ ಅಲೆಯೊಂದು ಬಂತು. ಒಂದು ಕೊಡ ಗುಳ್ ಎಂದಿತು. ಆಮೇಲೆ ಅದರ ನೆರೆಯದು.

“ಎಳಿ ಸವಿತಾ!” ಎಂದು ಹತ್ತು ಮಂದಿ ಕೂಗಿದರು. ನನ್ನೊಂದಿಗೆ ಇನ್ನಷ್ಟು ಕೈ ಸೇರಿ ಎಳೆದೆವು. ದೋಣಿ ಮೆಟ್ಟಿಲಿಗೆ ಬಂದು ಕೂತಿತು, ಕೊಡಗಳು ಒಂದೂ ಹೋಗಲಿಲ್ಲ. ಆದರೆ ಬೀರೇಶ ಮಣೆಯ ಮೇಲೆ ಕಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದ. ಊರೆಲ್ಲ ಅವನ ಪಾದ ನೋಡಿತು. ಕಾಕಾ ಎಲ್ಲರಿಗಿಂತ ಮೊದಲೇ ನೋಡಿದ್ದರು.

“ಆತಲ್ಲ ತಮ್ಮಾ,” ಎಂದರು. ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ.

ನನಗೆ ತಡೆಯಲಿಲ್ಲ. “ಕಾಕಾರ, ಕೊಡದಾಗ ನೀರ ಹಾಕ್ಯಾರ್ರಿ! ಅದಕ್ಕ ಭಾರ ಆಗೇತಿ!”

“ಯಾರ್ ಹಾಕ್ಯಾರ?”

ನಾನು ದುಂಡವ್ವನ ಕಡೆ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡಳು. “ನಾ ಯಾಕ ಹಾಕಲಿ ಬೇ? ಕೆರಿ ನೀರ ಒಳಗ ಹೊಕ್ಕೈತಿ, ನೀನ ನೋಡೀದಿ.” ಉಳಿದ ಹೆಂಗಸರೆಲ್ಲ ಆ ಕ್ಷಣಕ್ಕೆ ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದರು. ಕೆರೆಯ ಕೆಲಸಕ್ಕೆ ಹೊರಟವನ ದೋಣಿ ಮುಳುಗಿಸಿದವಳು ಎಂಬ ಹೆಸರು ಯಾರಿಗೆ ಬೇಕು?

“ತಂದ ಹಾಕಿದ ನೀರೋ, ತಾನ ಬಂದ ನೀರೋ,” ಎಂದರು ಕಾಕಾ. “ನೀರಿಗೆ ಗುರ್ತ ಇರ್ತೈತೇನ? ಕರಾರು ಕರಾರ.”

ಬೀರೇಶ ಮೆಟ್ಟಿಲ ಮೇಲೆ ಬಂದು, ಒದ್ದೆ ಕಾಲಿನಲ್ಲೇ ಬಗ್ಗಿ, ಮೊದಲ ಗಂಟಿಗೆ ಕೈ ಹಾಕಿದ. ಅವರವರ ಕೊಡ ಅವರವರಿಗೆ ಮುಟ್ಟಬೇಕಲ್ಲ. “ಚಾಚಾ,” ಎಂದು ಮುಖ ಎತ್ತದೆ ಕೂಗಿದ, “ಗಾಡಿ ಮನಿ ಮುಂದ ಹಚ್ರಿ. ಮಿಡತಿ ಮೊದಲ ಹಾಕೂಣು, ಅದು ದೊಡ್ಡದೈತಿ.” ಅವನ ದನಿ ಸರಿಯಾಗೇ ಇತ್ತು. ಬೆರಳುಗಳು ಮಾತ್ರ ತಾವೇ ಹಾಕಿದ ಗಂಟನ್ನು ಬಿಚ್ಚಲಾರದೆ ಒದ್ದಾಡುತ್ತಿದ್ದವು. ಚಾಚಾ ಗಾಡಿಯ ಕಡೆ ಹೋಗಲಿಲ್ಲ, ನಿಂತಲ್ಲೇ ನಿಂತ.

“ನಿಂದ್ರ ಲೇ,” ಎಂದಳು ನಮ್ಮತ್ತೆ.

ಅವಳು ಹೆಂಗಸರ ಗುಂಪು ಸೀಳಿಕೊಂಡು ಮೆಟ್ಟಿಲಿಗೆ ಬಂದಳು. ಕಾಕಾರ ಎದುರು ಅವಳು ಎಂದೂ ಸೆರಗು ತಲೆಯಿಂದ ಇಳಿಸಿದವಳಲ್ಲ. ಆವತ್ತು ಸೆರಗು ಎಲ್ಲಿತ್ತೋ ಅವಳಿಗೇ ಖಬರಿರಲಿಲ್ಲ.

“ನಾ ಹಾಕೇನ್ರಿ ನೀರು. ಒಂದ ಚಂಬು ಅಲ್ಲ. ನನ್ನ ಕೊಡಕ್ಕ ಹಾಕಿದ್ನಿ. ಬಾಜೂದೂ ಖಾಲಿ ಕಾಣ್ತು, ಅದಕ್ಕೂ ಹಾಕಿದ್ನಿ. ಸೊಸಿ ಕೊಡಕ್ಕೂ ಹಾಕಿದ್ನಿ. ನನ್ನ ಕೈಗೆ ನಿಲಕೂ ಎಲ್ಲಾದಕ್ಕೂ ಹಾಕಿದ್ನಿ.” ಉಸಿರು ತೆಗೆದುಕೊಂಡಳು. “ನನ್ನ ಮಗ ನಟ್ಟನಡು ನೀರಿಗೆ ಹೊಂಟಾನ. ಸುತ್ತಲೂ ಖಾಲಿ ಕೊಡ ಇಟ್ಟ ಕಳಸ್ಲೇನ್ರಿ ನಾನು? ಅವಂಗ ಈಜ ಬರೂದಿಲ್ಲ.”

ಈ ಕಡೆಯ ಮಾತು ನನಗೂ ಗೊತ್ತಿರಲಿಲ್ಲ. ಮೂರು ದೋಣಿ ಕಟ್ಟಿದ ಮನುಷ್ಯನಿಗೆ ಈಜು ಬರುವುದಿಲ್ಲವೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಬೀರೇಶ ನೆಲ ನೋಡಿದ.

ಆಮೇಲೆ ದುಂಡವ್ವ, “ನಾನೂ ಒಂದ ಚಂಬು ಹಾಕೇನ್ರಿ,” ಎಂದಳು. ಹಿಂದಿನಿಂದ ಇನ್ನೊಬ್ಬಳು, “ನಾ ಅರ್ಧಾ ಅಷ್ಟ.” ಮಲಿಕಾಬಿ ಚಾಚಿಯೂ ಕೈ ಎತ್ತಿದಳು: “ಎಲ್ಲಾರೂ ಹಾಕಾಕತ್ತಿದ್ರು, ನಂದೊಂದ ಯಾಕ ಬಿಡೂದು ಅಂತ ಹಾಕಿದ್ನಿ.” ಕೊಡಕ್ಕೊಂದು ಚಂಬಲ್ಲ, ಅತ್ತೆ ಹಾಕಿದ್ದಕ್ಕೆ ಸೊಸೆ, ಸೊಸೆ ಹಾಕಿದ್ದಕ್ಕೆ ನೆರೆಮನೆಯವಳು, ಒಬ್ಬರದು ಒಬ್ಬರಿಗೆ ತಿಳಿಯದಂತೆ ಊರೆಲ್ಲ ಸೇರಿ ನನ್ನ ಗಂಡನ ದೋಣಿಗೆ ಇನ್ನೊಂದು ಕೆರೆ ತುಂಬಿಸಿದ್ದರು. ಗಂಡಸರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕಾಕಾ ನಗಲಿಲ್ಲ, ಆದರೆ ಮೀಸೆ ತಿರುವುವ ನೆವದಲ್ಲಿ ಬಾಯಿ ಮುಚ್ಚಿಕೊಂಡರು.

“ಸುರೀರಿ ನೀರು,” ಎಂದರು. “ಕೆರೀದು ಕೆರಿಗೆ ಹೋಗ್ಲಿ. ಮತ್ತೊಮ್ಮಿ ಬಿಡ್ರಿ. ಈ ಸಲ ಖಾಲೀನ ಹೋಗಬೇಕು. ನೋಡಾಕ ಆಗದವರು ಮನೀಗೆ ಹೋಗ್ರಿ.”

ಒಬ್ಬರೂ ಹೋಗಲಿಲ್ಲ. ಹೆಂಗಸರೇ ಚಂಬು ಅದ್ದಿ ಅದ್ದಿ ಕೊಡಗಳನ್ನು ಬರಿದು ಮಾಡಿದರು, ಸೆರಗಿನಿಂದ ಒಳಗೆಲ್ಲ ಒರೆಸಿದರು. ಅತ್ತೆ ತನ್ನ ಕೊಡ ತಾನೇ ಒರೆಸಿ ದೂರ ಹೋಗಿ ಬೆನ್ನು ಮಾಡಿ ನಿಂತಳು.

ಬೀರೇಶ ಮತ್ತೆ ಹತ್ತಿದ. ಗಳ ನೂಕಿದ. ಈ ಸಲ ದೋಣಿ ನೀರಿನ ಮೇಲೆ ಕೂತಿರಲಿಲ್ಲ, ನಿಂತಿತ್ತು. ಕೊಡದ ಹೊಟ್ಟೆಗಳೆಲ್ಲ ಬಿಸಿಲಿಗೆ ಬಿದ್ದವು. ತಾಮ್ರ ಕೆಂಪಗೆ, ಹಿತ್ತಾಳೆ ಹಳದಿ, ಅಂಚಿನ ಸ್ಟೀಲು ಕಣ್ಣಿಗೆ ಹೊಡೆಯುವಷ್ಟು ಬೆಳ್ಳಗೆ. ಒಂದಕ್ಕೊಂದು ತಾಗಿ ಟಣ್ ಟಣ್ ಎನ್ನುತ್ತ ಹೊರಟಿತು. ದುಂಡಗಿದ್ದ ದೋಣಿ, ನೆಟ್ಟಗೆ ಹೋಗುವುದು ಅದಕ್ಕೆ ತಿಳಿಯದು. ನಿಧಾನಕ್ಕೆ ತಿರುಗುತ್ತ, ತಿರುಗುತ್ತ ಹೋಯಿತು. ತಿರುಗಿದಂತೆಲ್ಲ ಒಬ್ಬೊಬ್ಬರ ಕೊಡ ಸರದಿಯಂತೆ ದಂಡೆಯ ಕಡೆಗೆ ಬರುತ್ತಿತ್ತು. “ಅದ ನಂದು!” “ಈಗ ನಿಂದು ಬಂತ ನೋಡ ಬೇ!” ಎಂದು ಹೆಂಗಸರು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ನನ್ನದೂ ಬಂತು. ಅದು ಮತ್ತೆ ಬರಲಿ ಎಂದು ನಾನು ಕಾದೆ.

ಕಂಬದ ಹತ್ತಿರ ಬೀರೇಶ ಮಣೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಅಂತರಗಂಗೆಯನ್ನು ಬೇರು ಸಮೇತ ಎಳೆದೆಳೆದು ತಾನು ಒಯ್ದಿದ್ದ ಬುಟ್ಟಿಗೆ ತುಂಬಿದ. ಬುಟ್ಟಿಯಲ್ಲಿ ಹಿಡಿಸದ್ದನ್ನು ಇನ್ನೊಂದು ಹಗ್ಗಕ್ಕೆ ಕಟ್ಟಿ ದಂಡೆಯತ್ತ ಎಳೆಸಿದ. ಕಂಬ ಬರಿದಾಯಿತು. “ಫಕ್ರು, ಗಾಡಿ ಇಲ್ಲೇ ತಾ,” ಎಂದರು ಕಾಕಾ. “ಕಸ ಒಯ್ಯಬೇಕು. ಇನ್ನ ಬ್ಯಾರೆ ಏನೂ ಒಯ್ಯೂದಿಲ್ಲ.” ಚಾಚಾ ಗಾಡಿಯ ಕಡೆ ಓಡಿದ ರೀತಿ ನೋಡಿದರೆ ಅವನ ವಯಸ್ಸು ಯಾರೂ ಹೇಳುತ್ತಿರಲಿಲ್ಲ. ನನ್ನ ಕಣ್ಣು ತುಂಬಿದ್ದವು, ಒರೆಸಿಕೊಳ್ಳೋಣವೆಂದರೆ ಕೈಯಲ್ಲಿ ಹಗ್ಗವಿತ್ತು.

ದೋಣಿ ಮರಳಿತು. ಒಂದಲ್ಲ ಎರಡಲ್ಲ, ಊರ ಖಾಲಿ ಕೊಡಗಳೆಲ್ಲ ಸಾಲುಗಟ್ಟಿ, ಬಾಯಿ ತೆರೆದುಕೊಂಡು, ನೇರ ನಮ್ಮ ಎದುರಿಗೇ ಬರುತ್ತಿದ್ದವು. ಇಷ್ಟು ದೊಡ್ಡ ಅಪಶಕುನವನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಯಾರೂ ಮುಖ ತಿರುಗಿಸಲಿಲ್ಲ, ಯಾರೂ ಹಿಂದೆ ಸರಿಯಲಿಲ್ಲ. ಬೆನ್ನು ಮಾಡಿ ನಿಂತಿದ್ದ ನಮ್ಮತ್ತೆ ಯಾವಾಗ ತಿರುಗಿದಳೋ, ಯಾವಾಗ ಎಲ್ಲರನ್ನೂ ದಾಟಿ ಕಡೆಯ ಮೆಟ್ಟಿಲಿಗೆ ಬಂದು ನಿಂತಳೋ ನನಗೆ ತಿಳಿಯಲಿಲ್ಲ. ಬಿಸಿಲು ಕೊಡಗಳಿಂದ ಹಾರಿ ಅವಳ ಮುಖದ ಮೇಲೆ ಕುಣಿಯುತ್ತಿತ್ತು. ಕಣ್ಣು ಕಿರಿದು ಮಾಡಿಕೊಂಡು ನೋಡಿದಳು, ಬಹಳ ಹೊತ್ತು ನೋಡಿದಳು. ದೋಣಿ ಮೆಟ್ಟಿಲಿಗೆ ಇನ್ನೇನು ತಾಗಬೇಕು, ನನ್ನ ಮೊಣಕೈ ಹಿಡಿದು ಎಳೆದಳು.

“ಏ ಸವಿತಾ, ಇಷ್ಟ ಲಗೂ ಯಾಕ ಬಂದಾ? ಇನ್ನೊಂದ ಸುತ್ತ ಹಾಕಂತ ಹೇಳ ಅವಗ.”